ಅರ್ಧ ಬಾಟ್ಸೆನ್ ಕಾಣಿಕೆ

ಅರ್ಧ ಬಾಟ್ಸೆನ್ ಕಾಣಿಕೆಯು ಬಾಸೆಲ್ ಮಿಷನ್ನಿನ ಕ್ರೈಸ್ತ ಸೇವಾಕಾರ್ಯಕ್ಕಾಗಿ ಸ್ವಿಟ್ಜರ್ಲೆಂಡ್ ಹಾಗೂ ದಕ್ಷಿಣ ಜರ್ಮನಿಯ ಸಾಮಾನ್ಯ ಜನರು ವಾರಕ್ಕೊಮ್ಮೆ ಸಲ್ಲಿಸುತ್ತಿದ್ದ ಕಿರುಕಾಣಿಕೆ. 19ನೆಯ ಶತಮಾನದ ಮಧ್ಯಭಾಗದಲ್ಲಿ ಬಾಸೆಲ್ ನಗರದ ರೇಷ್ಮೆ ಉದ್ಯಮಿ ಕಾರ್ಲ್ ಸರಾಸಿನ್ ಅವರು ಇದನ್ನು ಆರಂಭಿಸಿದರು. ಕನ್ನಡ ನಾಡಿನಲ್ಲಿ ಆ ಮಿಷನ್ ನಡೆಸಿದ ಕೆಲಸದ ಹಿಂದೆ ಈ ಚಿಲ್ಲರೆ ಹಣದ ಪಾಲೂ ಇದೆ.

ಹಿನ್ನೆಲೆ

1815ರಲ್ಲಿ ಸ್ಥಾಪನೆಗೊಂಡ ಬಾಸೆಲ್ ಮಿಷನ್, 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರನ್ನು ಮಂಗಳೂರಿಗೆ ಕಳುಹಿಸಿತು. ಮುಂದೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿಯೂ ಕೇಂದ್ರಗಳು ತೆರೆದವು. ಅದರೊಡನೆ ವೆಚ್ಚವೂ ಬೆಳೆಯಿತು. ಮಿಷನ್ನಿಗೆ ಭಕ್ತರ ದಾನವೇ ಮುಖ್ಯ ಆಧಾರ. ಸಿರಿವಂತರ ದೊಡ್ಡ ದಾನಗಳು ಬರುತ್ತಿದ್ದುದುಂಟು. ಆದರೆ ಅವು ಮಳೆಯಂತೆ, ಬಂದಾಗ ಬಂತು.

ಸಂಗ್ರಹದ ಕ್ರಮ

ಬಾಟ್ಸೆನ್ ಎಂಬುದು ಹಳೆಯ ಸ್ವಿಸ್ ನಾಣ್ಯ. 1850ರಲ್ಲಿ ಫ್ರಾಂಕ್ ಜಾರಿಗೆ ಬಂದ ಮೇಲೂ ಹತ್ತು ರಾಪೆನ್ನಿನ ನಾಣ್ಯಕ್ಕೆ ಜನರ ಬಾಯಲ್ಲಿ ಅದೇ ಹೆಸರು ಉಳಿಯಿತು. ಅದರ ಅರ್ಧ, ಅಂದರೆ ಐದು ರಾಪೆನ್, ವಾರದ ಕಾಣಿಕೆ. ಹತ್ತು ಮಂದಿ ದಾನಿಗಳಿಗೆ ಒಬ್ಬರು ಸಂಗ್ರಾಹಕರು. ಒಬ್ಬ ದಾನಿಯ ವರ್ಷದ ಕಾಣಿಕೆ 2 ಫ್ರಾಂಕ್ 60 ರಾಪೆನ್. ಹತ್ತು ಜನರ ಗುಂಪಿನದು 26 ಫ್ರಾಂಕ್. ಲೆಕ್ಕಕ್ಕೆ ಅಲ್ಪವೆನಿಸಿದರೂ ತಪ್ಪದೆ ಬರುವ ಹಣವಾದ್ದರಿಂದ ಅದನ್ನು ನೆಚ್ಚಿ ಮುಂದಿನ ವರ್ಷದ ಯೋಜನೆ ಹಾಕಬಹುದಾಗಿತ್ತು. ಕೂಲಿಯವರೂ ಮನೆಗೆಲಸದವರೂ ಇದರಿಂದ ದಾನಿಗಳಾದರು. ಮಾರ್ಕನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿ ಬರುವ ಬಡ ವಿಧವೆಯ ಎರಡು ಕಾಸಿನ ಪ್ರಸಂಗ ಇಂಥ ಕಾಣಿಕೆಗೆ ಕ್ರೈಸ್ತರು ಎಂದಿನಿಂದಲೂ ಕೊಡುವ ಆಧಾರ.

ಪ್ರಾರ್ಥನೆ

ಹಣ ಕೊಟ್ಟಲ್ಲಿಗೆ ದಾನಿಯ ಪಾಲು ಮುಗಿಯುತ್ತಿರಲಿಲ್ಲ. ಮಿಷನರಿಗಳ ಪತ್ರಗಳು 1828ರಿಂದ ಪ್ರಕಟವಾಗುತ್ತಿದ್ದ ‘ಎವಾಂಗೆಲಿಷರ್ ಹೈಡೆನ್‌ಬೋಟೆ’ ಮಾಸಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದವು. ಹಳ್ಳಿಗಳ ಪ್ರಾರ್ಥನಾಕೂಟಗಳಲ್ಲಿ ಅಂಥ ವರದಿಗಳನ್ನು ಗಟ್ಟಿಯಾಗಿ ಓದಿ, ಆಯಾ ಕೇಂದ್ರಗಳಿಗಾಗಿ ಪ್ರಾರ್ಥಿಸುತ್ತಿದ್ದರು. ಹೀಗೆ ಎಂದೂ ಕಾಣದ ಬೆಟಗೇರಿಯ ಹೆಸರು ಜರ್ಮನ್ ರೈತನ ನಾಲಿಗೆಗೆ ಬಂತು.

ಇದಕ್ಕೊಂದು ಕಹಿಯಾದ ಮಗ್ಗುಲೂ ಇದೆ. ಓದುಗನ ಮನ ಕರಗಿದರಷ್ಟೇ ಕೈ ಬಿಚ್ಚುತ್ತದೆ. ಆದುದರಿಂದ ನಮ್ಮ ನಾಡನ್ನು ಬರಿಯ ಕತ್ತಲೆಯೆಂದು ಚಿತ್ರಿಸುವ ಚಾಳಿ ಈ ಬರಹಗಳಲ್ಲಿ ಬೆಳೆಯಿತು. ‘ಹೈಡೆನ್’ ಎಂದರೆ ಕ್ರೈಸ್ತೇತರರನ್ನು ಕೀಳಾಗಿಸಿ ಕರೆಯುವ ಪದ. ಕನ್ನಡ ಕಾವ್ಯಗಳನ್ನು ಆದರದಿಂದ ಸಂಪಾದಿಸಿದ ಹರ್ಮನ್ ಮೋಗ್ಲಿಂಗ್ ಅವರೂ ಇದೇ ಮಿಷನ್ನಿನವರೆಂಬುದನ್ನು ಜೊತೆಗಿಟ್ಟು ನೋಡಬೇಕು.

ಕನ್ನಡಕ್ಕೆ ಒದಗಿದ ಫಲ

ಮಂಗಳೂರಿನ ಮುದ್ರಣಾಲಯ (1841), ಮೋಗ್ಲಿಂಗರ ‘ಮಂಗಳೂರ ಸಮಾಚಾರ’ (1843), ಫರ್ಡಿನಾಂಡ್ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು (1894) ಈ ಮಿಷನ್ನಿನ ಆಶ್ರಯದಲ್ಲಿ ಬಂದವು. ಮೋಗ್ಲಿಂಗರ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಗೆ ಮಾತ್ರ ಬೇರೆ ಕೈಯೊಂದು ನೆರವಾಯಿತು. ನಿವೃತ್ತ ನ್ಯಾಯಾಧೀಶ ಕ್ಯಾಸಮೇಜರ್ ಅದರ ಮುದ್ರಣಕ್ಕೆ ಹಣ ಒದಗಿಸಿದರು. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಅಚ್ಚು ಕಂಡವು. ಕ್ರೈಸ್ತ ಸೇವೆಯ ನೆರಳಿನ ದಾನವೊಂದು ವೀರಶೈವ, ವೈಷ್ಣವ ಕೃತಿಗಳಿಗೆ ಸಂದ ಅಪರೂಪದ ನಿದರ್ಶನವಿದು.

ಉದ್ಯಮ ಮತ್ತು ಕಾಣಿಕೆ

ಮತಾಂತರಗೊಂಡು ಕುಲಕಸುಬು ಕಳೆದುಕೊಂಡವರಿಗೆ ದುಡಿಮೆ ಕಲ್ಪಿಸಲು ಮಿಷನ್ ನೇಯ್ಗೆ ಶಾಲೆಗಳನ್ನೂ, 1865ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಅವರ ನೇತೃತ್ವದಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆಯಿತು. ಸುವಾರ್ತೆ ಸಾರುವವರು ವ್ಯಾಪಾರ ಮಾಡಬಹುದೇ, ಕಾಣಿಕೆಯನ್ನೇ ನೆಚ್ಚಬೇಕೇ ಎಂಬ ಪ್ರಶ್ನೆ ಆಗ ಎದ್ದಿತು. 1859ರಲ್ಲಿ ವ್ಯಾಪಾರಕ್ಕೆಂದೇ ಪ್ರತ್ಯೇಕ ಕಂಪನಿ ಹುಟ್ಟಿತ್ತಾದರೂ ಪ್ರಶ್ನೆ ಬಗೆಹರಿಯಲಿಲ್ಲ.

ಸ್ಥಳೀಯ ಸಭೆಗಳು

1914ರ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳು ಬಂಧನಕ್ಕೊಳಗಾದರು, ಕಾರ್ಖಾನೆಗಳು ಕೈತಪ್ಪಿದವು. ಇಲ್ಲಿನ ಸಭೆಗಳು ತಮ್ಮ ಕೈಯನ್ನೇ ನಂಬಬೇಕಾಯಿತು. ಭಾನುವಾರದ ಕಾಣಿಕೆ ಚೀಲ, ದಶಮಾಂಶ, ಸುಗ್ಗಿ ಹಬ್ಬದ ಹರಾಜು ಇಂದಿಗೂ ನಡೆದುಬಂದಿರುವ ರೂಢಿಗಳು. ಹರಾಜಿನಲ್ಲಿ ತೆಂಗಿನಕಾಯಿ, ಬಾಳೆಗೊನೆ, ಕುಂಬಳಕಾಯಿ, ಕೋಳಿಗಳು ಪೇಟೆಯ ಬೆಲೆಯ ಹಲವು ಪಟ್ಟಿಗೆ ಹೋಗುವುದುಂಟು. ಕೊಂಡವನೇ ಅದನ್ನು ಮತ್ತೆ ಹರಾಜಿಗಿಡುವುದೂ ಉಂಟು. ಮಿಜೋರಾಂನಲ್ಲಿ 1910ರಿಂದ ನಡೆದಿರುವ ‘ಬುಹ್ಫಾಯ್ ಥಾಮ್’ ಪದ್ಧತಿಯಲ್ಲಿ ಗೃಹಿಣಿಯು ಪ್ರತಿ ಅಡುಗೆಗೂ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಸಭೆಗೆಂದು ತೆಗೆದಿಡುತ್ತಾಳೆ.