ಭದ್ರಾ ಜಲಾಶಯದ ದ್ವೀಪಗಳಲ್ಲಿ ರಿವರ್ ಟರ್ನ್ ಪಕ್ಷಿ ವೀಕ್ಷಣೆ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಗಂಗಾಮೂಲದಲ್ಲಿ ಹುಟ್ಟುವ ಭದ್ರಾ ನದಿಯು ಕಳಸ, ಬಾಳೆಹೊನ್ನೂರುಗಳ ಕಾಫಿ ಸೀಮೆಯನ್ನು ಹಾದು, ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಅಣೆಕಟ್ಟೆಯಲ್ಲಿ ನಿಲ್ಲುತ್ತದೆ. ಜಲಾಶಯದ ಹಿನ್ನೀರು ಭದ್ರಾ ಹುಲಿ ಸಂರಕ್ಷಿತ ಪ್ರದೇಶವನ್ನು ತಾಗಿಕೊಂಡಿದೆ. ಮಳೆಗಾಲದ ನಂತರ ನೀರು ಇಳಿದಂತೆ ಮುಳುಗಿದ್ದ ಗುಡ್ಡಗಳ ತಲೆಗಳು ದ್ವೀಪಗಳಾಗಿ ಮೇಲೇಳುತ್ತವೆ. ಚಳಿಗಾಲದ ಕೊನೆಯ ವೇಳೆಗೆ ಇಲ್ಲಿ ರಿವರ್ ಟರ್ನ್ ಪಕ್ಷಿಗಳು ಗುಂಪುಗೂಡಿ, ಬೇಸಿಗೆಯಲ್ಲಿ ಮರಿ ಮಾಡುತ್ತವೆ.

ಪಕ್ಷಿಯ ಪರಿಚಯ

ಟರ್ನ್ ಕುಟುಂಬದ ಹಲವು ಪಕ್ಷಿಗಳು ಕಡಲತೀರದವು. ರಿವರ್ ಟರ್ನ್ ಮಾತ್ರ ಮುಖ್ಯವಾಗಿ ಸಿಹಿನೀರಿನ ಹಕ್ಕಿ. ಹಳದಿ ಕೊಕ್ಕು, ಕವಲೊಡೆದ ಬಾಲ ಹಾಗೂ ಸಂತಾನ ಕಾಲದ ಕಪ್ಪು ನೆತ್ತಿ ಇದರ ಗುರುತುಗಳು. ಇದು ಮೇಲಿನಿಂದ ನೀರಿಗೆ ಧುಮುಕಿ ಮೀನು ಹಿಡಿಯುತ್ತದೆ. ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು 2020ರಲ್ಲಿ ಇದನ್ನು ಅಪಾಯಕ್ಕೀಡಾಗಬಲ್ಲ ಪ್ರಭೇದವೆಂದು ವರ್ಗೀಕರಿಸಿದೆ.

ದ್ವೀಪದ ಮೇಲೆ ಇಳಿಯಬಾರದು, ಏಕೆ?

ಈ ಪಕ್ಷಿ ಗೂಡು ಕಟ್ಟುವುದಿಲ್ಲ. ಬರಿ ನೆಲವನ್ನು ತುಸು ಕೆದರಿ, ಸಾಮಾನ್ಯವಾಗಿ ಎರಡು ಅಥವಾ ಮೂರು ಮೊಟ್ಟೆ ಇಡುತ್ತದೆ. ಚುಕ್ಕೆಗಳಿರುವ ಮೊಟ್ಟೆಗಳು ಕಲ್ಲುಗಳ ನಡುವೆ ಕಣ್ಣಿಗೆ ಬೀಳದೆ ಕಾಲ್ತುಳಿತಕ್ಕೆ ಸಿಲುಕುತ್ತವೆ. ಬೆದರಿದ ತಾಯಿ ಹಕ್ಕಿ ಮೇಲೆದ್ದರೆ ಮೊಟ್ಟೆ, ಮರಿಗಳು ಬಿಸಿಲಿಗೂ ಕಾಗೆ, ಹದ್ದುಗಳಿಗೂ ಈಡಾಗುತ್ತವೆ. ನೀರಿನ ಮಟ್ಟ ಏರಿದರೆ ಮೊಟ್ಟೆಗಳು ಮುಳುಗುವ ಅಪಾಯ ಮೊದಲೇ ಇದೆ; ವೀಕ್ಷಕರಿಂದ ಅದಕ್ಕೆ ಮತ್ತೊಂದು ಸೇರಬಾರದು.

ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರಲ್ಲಿ ‘ಬೇಟೆ’ ಎಂಬುದರ ವ್ಯಾಖ್ಯೆಯಲ್ಲಿ ಪಕ್ಷಿಗಳ ಮೊಟ್ಟೆಗಳಿಗೆ ಹಾನಿ ಮಾಡುವುದು ಹಾಗೂ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದೂ ಸೇರಿದೆ.

ವೀಕ್ಷಣೆಗೆ ಅವಕಾಶ

1. ಲಕ್ಕವಳ್ಳಿಯಲ್ಲಿ ರಾಜ್ಯ ಸರ್ಕಾರದ ಉದ್ಯಮವಾದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಯು ದೋಣಿ ಸಫಾರಿ ನಡೆಸುತ್ತದೆ. ದರ, ಸಮಯ ಹಾಗೂ ಸ್ಥಳಾವಕಾಶವನ್ನು ಮುಂಚಿತವಾಗಿ ಖಚಿತಪಡಿಸಿಕೊಳ್ಳತಕ್ಕದ್ದು. ಗುರುತಿನ ಚೀಟಿ ಜೊತೆಗಿರಲಿ.

2. ಮೂಡಿಗೆರೆ ಕಡೆಯವರು ಚಿಕ್ಕಮಗಳೂರು, ತರೀಕೆರೆ ಮಾರ್ಗವಾಗಿ ಬರಬಹುದು. ಮುತ್ತೋಡಿಯ ಸಫಾರಿ ಕಾಡಿನ ರಸ್ತೆಯಲ್ಲಿ ನಡೆಯುವಂಥದ್ದು. ದ್ವೀಪಗಳ ವೀಕ್ಷಣೆಗೆ ಲಕ್ಕವಳ್ಳಿಗೇ ಬರಬೇಕು.

3. ಸಂಶೋಧನೆ ಅಥವಾ ಚಲನಚಿತ್ರ ಚಿತ್ರೀಕರಣಕ್ಕೆ ಸಫಾರಿ ಟಿಕೆಟ್ ಸಾಲದು. ಮುಖ್ಯ ವನ್ಯಜೀವಿ ಪರಿಪಾಲಕರು, ಅರಣ್ಯ ಭವನ, ಮಲ್ಲೇಶ್ವರಂ, ಬೆಂಗಳೂರು ಇವರಿಗೆ ಉದ್ದೇಶ, ಸ್ಥಳ ಮತ್ತು ಅವಧಿಯನ್ನು ನಮೂದಿಸಿ ಅರ್ಜಿ ಸಲ್ಲಿಸತಕ್ಕದ್ದು.

ಪಾಲಿಸಬೇಕಾದ ನಿಯಮಗಳು

• ದೋಣಿಯಲ್ಲಿ ಜೀವರಕ್ಷಕ ಕವಚ ಧರಿಸಿ, ಕುಳಿತೇ ವೀಕ್ಷಿಸಿ.
• ದ್ವೀಪದ ಸಮೀಪಕ್ಕೆ ಒಯ್ಯುವಂತೆ ದೋಣಿ ಚಾಲಕರನ್ನು ಒತ್ತಾಯಿಸಬೇಡಿ; ದುರ್ಬೀನು ತನ್ನಿ.
• ಹಕ್ಕಿಗಳು ಒಟ್ಟಾಗಿ ಎದ್ದು ಕೂಗತೊಡಗಿದರೆ ದೋಣಿ ಹಿಂದೆ ಸರಿಯತಕ್ಕದ್ದು.
• ಅನುಮತಿಯಿಲ್ಲದೆ ಡ್ರೋನ್ ಹಾರಿಸಬೇಡಿ.
• ಪ್ಲಾಸ್ಟಿಕ್, ಆಹಾರ ಪದಾರ್ಥಗಳನ್ನು ನೀರಿಗೆ ಎಸೆಯಬೇಡಿ.

ಮಳೆ ಬಂದು ಜಲಾಶಯ ತುಂಬುವ ಮೊದಲು ಮರಿಗಳು ಹಾರಲು ಕಲಿಯಬೇಕು. ಅವುಗಳಿಗಿರುವ ಈ ಅಲ್ಪ ಅವಧಿಯನ್ನು ಕಾಪಾಡಲು ಸಾರ್ವಜನಿಕರು ಸಹಕರಿಸಬೇಕಾಗಿ ಕೋರಲಾಗಿದೆ.