ದೇಶನೂರಿನಿಂದ ಕೈಗಾವರೆಗೆ: ಯುರೇನಿಯಂ ಸಂವರ್ಧನೆಯ ಒಂದು ಚಾರಿತ್ರಿಕ ಅವಲೋಕನ

ಬೆಳಗಾವಿ ನಗರದ ಪೂರ್ವಕ್ಕಿರುವ ದೇಶನೂರಿನ ಪರಿಸರದಲ್ಲಿ ಪರಮಾಣು ಖನಿಜ ನಿರ್ದೇಶನಾಲಯವು ಯುರೇನಿಯಂ ಇರುವುದನ್ನು ಗುರುತಿಸಿದೆ. ಬಾದಾಮಿಯ ಗುಹಾಲಯಗಳನ್ನು ಕೊರೆದ ಮರಳುಗಲ್ಲು ಸೇರಿರುವ ಶಿಲಾಸಮೂಹದಲ್ಲೇ ಈ ಖನಿಜವಿದೆ. ಇತ್ತ ಖಾನಾಪುರ ತಾಲ್ಲೂಕಿನ ಗಡಿ ದಾಟಿದರೆ ಜೊಯಿಡಾ, ಅದರಾಚೆ ಕಾಳಿ ನದಿಯ ದಂಡೆಯಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರ. ಸಂವರ್ಧಿತ ಯುರೇನಿಯಂ ಬಾಂಬಿಗೆ, ಸಹಜ ಯುರೇನಿಯಂ ವಿದ್ಯುತ್ತಿಗೆ ಎಂಬ ನಂಬಿಕೆ ಸಾಮಾನ್ಯವಾಗಿದೆ. ಕರ್ನಾಟಕದ ಅನುಭವ ಅದನ್ನು ಸಮರ್ಥಿಸುವುದಿಲ್ಲ ಎಂಬುದೇ ಈ ಲೇಖನದ ಪ್ರತಿಪಾದನೆ.

ಸಂವರ್ಧನೆಯ ಲೆಕ್ಕ

ನೆಲದಿಂದ ತೆಗೆದ ಯುರೇನಿಯಂನಲ್ಲಿ ಸುಲಭವಾಗಿ ವಿದಳನಗೊಳ್ಳುವ ಯುರೇನಿಯಂ–235 ಇರುವುದು ಶೇ 0.7ರಷ್ಟು ಮಾತ್ರ. ಅದಿರಿನಿಂದ ಬೇರ್ಪಡಿಸಿದ ಯುರೇನಿಯಂ ಅನ್ನು ಹೆಕ್ಸಾಫ್ಲೋರೈಡ್ ಅನಿಲವಾಗಿಸಿ, ಅತಿವೇಗವಾಗಿ ತಿರುಗುವ ಸೆಂಟ್ರಿಫ್ಯೂಜ್‌ಗಳ ಸಾಲಿನಲ್ಲಿ ಹಾಯಿಸಿ ಈ ಪಾಲನ್ನು ಹೆಚ್ಚಿಸುವುದೇ ಸಂವರ್ಧನೆ. ಸಾಮಾನ್ಯ ನೀರು ಬಳಸುವ ರಿಯಾಕ್ಟರುಗಳಿಗೆ ಶೇ 3ರಿಂದ 5 ಸಾಕು; ಬಾಂಬಿಗೆ ಶೇ 90ರ ಆಸುಪಾಸು ಬೇಕು. ಆದರೆ ಶೇ 4ರ ಹಂತ ಮುಟ್ಟುವಷ್ಟರಲ್ಲೇ ಬಾಂಬಿನ ಮಟ್ಟಕ್ಕೆ ಬೇಕಾದ ಶ್ರಮದ ಬಹುಪಾಲು ಮುಗಿದಿರುತ್ತದೆ. ಯಂತ್ರವೂ ಅದೇ, ವಿಧಾನವೂ ಅದೇ.

ತಾರಾಪುರದಿಂದ ರತ್ನಹಳ್ಳಿಗೆ

1969ರಲ್ಲಿ ಆರಂಭವಾದ ತಾರಾಪುರದ ಮೊದಲ ಎರಡು ಘಟಕಗಳು ಅಮೆರಿಕದ ಸಂವರ್ಧಿತ ಇಂಧನವನ್ನು ಅವಲಂಬಿಸಿದ್ದವು. 1974ರ ಪೋಖ್ರಾನ್ ಪರೀಕ್ಷೆ ಮತ್ತು 1978ರ ಅಮೆರಿಕದ ಅಣುಪ್ರಸರಣ ತಡೆ ಕಾನೂನಿನ ಬಳಿಕ ಆ ಪೂರೈಕೆಗೆ ಕುತ್ತು ಬಂತು. ಗಮನಿಸಬೇಕಾದ ಸಂಗತಿಯೆಂದರೆ, 1974ರ ಸಾಧನದಲ್ಲಿ ಬಳಸಿದ್ದು ಸಂವರ್ಧಿತ ಯುರೇನಿಯಂ ಅಲ್ಲ. ಸಹಜ ಯುರೇನಿಯಂ ಉರಿಸುತ್ತಿದ್ದ ಸೈರಸ್ ರಿಯಾಕ್ಟರಿನ ಪ್ಲುಟೋನಿಯಂ.

ಭಾರತ ಸಂವರ್ಧನೆಯ ಸಾಮರ್ಥ್ಯ ಪಡೆದಿದೆ ಎಂದು 1986ರಲ್ಲಿ ಪ್ರಕಟಿಸಿದವರು ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ. ಆನಂತರ ಮೈಸೂರಿನ ಇಲವಾಲದ ಬಳಿ ರತ್ನಹಳ್ಳಿಯಲ್ಲಿ ಸಂವರ್ಧನಾ ಘಟಕ ಕಾರ್ಯಾರಂಭ ಮಾಡಿತು. ಅರಿಹಂತ್ ಜಲಾಂತರ್ಗಾಮಿಯ ರಿಯಾಕ್ಟರಿಗೆ ಇಂಧನ ಒದಗಿಸುವುದು ಇದರ ಮುಖ್ಯ ಉದ್ದೇಶವೆಂದು ವಿದ್ವಾಂಸರು ಗುರುತಿಸಿದ್ದಾರೆ. ಎರಡನೆಯ ಘಟಕಕ್ಕಾಗಿ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಭೂಮಿ ನೀಡಿದಾಗ, ಅಮೃತಮಹಲ್ ಕಾವಲುಗಳನ್ನು ನೆಚ್ಚಿದ್ದ ದನಗಾಹಿಗಳು, ಕುರಿಗಾಹಿಗಳು ತಮ್ಮ ಮೇವಿನ ನೆಲಕ್ಕಾಗಿ ಹೋರಾಡಬೇಕಾಯಿತು.

ಕೈಗಾದ ಸ್ಥಾನ

ಕೈಗಾದ 220 ಮೆಗಾವಾಟ್‌ನ ನಾಲ್ಕೂ ಘಟಕಗಳು ಭಾರಜಲ ಬಳಸುವಂಥವು. ಅವುಗಳಿಗೆ ಸಂವರ್ಧನೆಯ ಅಗತ್ಯವೇ ಇಲ್ಲ. ಸುಮಾರು ಅರ್ಧ ಮೀಟರ್ ಉದ್ದದ, 19 ಕಡ್ಡಿಗಳ ಇಂಧನ ಕಟ್ಟು. ಒಂದು ಕೊಳವೆಗೆ ಇಂಥ 12 ಕಟ್ಟುಗಳು. ಒಂದು ಘಟಕದಲ್ಲಿ 306 ಕೊಳವೆಗಳು. ಘಟಕ ನಡೆಯುತ್ತಿರುವಾಗಲೇ ಹಳೆಯ ಕಟ್ಟು ತೆಗೆದು ಹೊಸದನ್ನು ತುಂಬಬಹುದು. ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ನಡೆದು ಅಂದಿನ ವಿಶ್ವದಾಖಲೆ ಬರೆಯಲು ಈ ಅನುಕೂಲವೂ ನೆರವಾಯಿತು. ಇಂಧನವನ್ನು ಬೇಗನೆ ಹೊರತೆಗೆದು ಬಾಂಬಿಗೆ ಒಗ್ಗುವ ಪ್ಲುಟೋನಿಯಂ ಪಡೆಯಲು ತಾಂತ್ರಿಕವಾಗಿ ದಾರಿಯಾಗುವುದೂ ಇದೇ ಅನುಕೂಲ. ಹೀಗಾಗಿಯೇ ಅಂತರರಾಷ್ಟ್ರೀಯ ತಪಾಸಣೆಯ ಪ್ರಶ್ನೆ ಮುಖ್ಯವಾಗುತ್ತದೆ. ನಾಗರಿಕ ಮತ್ತು ಸೈನಿಕ ಅಣುಸ್ಥಾವರಗಳನ್ನು ಬೇರ್ಪಡಿಸಿದ 2006ರ ವಿಂಗಡಣಾ ಯೋಜನೆಯಲ್ಲಿ ದೇಶದ 22 ರಿಯಾಕ್ಟರುಗಳ ಪೈಕಿ 14 ತಪಾಸಣೆಗೆ ಒಳಪಟ್ಟವು. ಕೈಗಾದ ಘಟಕಗಳು ಹೊರಗುಳಿದವು.

ಉಪಸಂಹಾರ

ಸಂವರ್ಧನೆಯ ಅಗತ್ಯವಿಲ್ಲದ ಕೈಗಾ ತಪಾಸಣೆಯ ಹೊರಗಿದೆ. ವಿದೇಶಿ ಸಂವರ್ಧಿತ ಇಂಧನ ಬಳಸುವ ತಾರಾಪುರದ ಹಳೆಯ ಘಟಕಗಳು ತಪಾಸಣೆಯ ಒಳಗಿವೆ. ಇಂಧನದ ಶೇಕಡಾವಾರು ಪ್ರಮಾಣವೊಂದೇ ಶಾಂತಿ–ಯುದ್ಧಗಳ ಗೆರೆ ಎಳೆಯಲಾರದು. ಎಳೆಯುವುದು ನೀತಿ ಮತ್ತು ಹೊಣೆಗಾರಿಕೆ. 1989ರಲ್ಲಿ ಶಿವರಾಮ ಕಾರಂತರು ಕೈಗಾವನ್ನು ವಿರೋಧಿಸಿ ಲೋಕಸಭೆಗೆ ಸ್ಪರ್ಧಿಸಿದ್ದರು. ಇಂದು ಖಾನಾಪುರ ವಿಧಾನಸಭಾ ಕ್ಷೇತ್ರ ಕೈಗಾ ಇರುವ ಉತ್ತರ ಕನ್ನಡ ಲೋಕಸಭಾ ಕ್ಷೇತ್ರದ ಭಾಗವಾಗಿದೆ. ಅಣುನೀತಿಯ ಬಗ್ಗೆ ತಮ್ಮ ಸಂಸದರನ್ನು ಪ್ರಶ್ನಿಸುವ ಹಕ್ಕು ಅಲ್ಲಿನ ಮತದಾರರಿಗೂ ಇದೆ. ಆ ಹಕ್ಕನ್ನು ಅವರು ಚಲಾಯಿಸಬೇಕು.