ಆಕಾಶವಾಣಿಯಿಂದ ಸೌಂಡ್‌ಬಾರ್‌ವರೆಗೆ: ಮನೆಯ ಮನರಂಜನೆಯ ಲೆಕ್ಕಾಚಾರ



ಇರುವ ದುಡ್ಡಿನಲ್ಲಿ ಮನೆಗೆ ಒಳ್ಳೆಯ ಹಾಡು, ನಾಟಕ, ಸಿನಿಮಾ ತರುವುದು ಹೇಗೆ? ಇದು ಇಎಂಐ ಕಾಲದ ಪ್ರಶ್ನೆಯೆಂದು ನಮಗನ್ನಿಸಬಹುದು. ನಮ್ಮ ಅಜ್ಜಿಯರೂ ಇದೇ ಲೆಕ್ಕ ಹಾಕಿದವರು. ಪುಣೆಯ ನಮ್ಮ ಫ್ಲ್ಯಾಟಿಗೆ ಟಿವಿ, ಸ್ಪೀಕರ್ ಕೊಳ್ಳುವ ಮೊದಲು ಆ ಹಳೆಯ ಲೆಕ್ಕವನ್ನೊಮ್ಮೆ ತಿರುವಿ ನೋಡಿದೆ. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಕನ್ನಡಿಗರ ಮಟ್ಟಿಗೆ ಈ ಕಥೆ ಶುರುವಾಗುವುದೇ ಒಂದು ಮನೆಯಿಂದ. ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಆರಂಭಿಸಿದರು. ಆ ನಿಲಯದ ಹೆಸರು 'ಆಕಾಶವಾಣಿ'. ಮುಂದೆ ಇಡೀ ದೇಶದ ರೇಡಿಯೊಗೆ ಅದೇ ಹೆಸರು ನಿಂತಿತು.

ಆದರೆ ವಾಲ್ವ್ ರೇಡಿಯೊ ಎಲ್ಲರ ಕೈಗೆಟಕುವ ವಸ್ತುವಾಗಿರಲಿಲ್ಲ. ಪೆಟ್ಟಿಗೆ ದೊಡ್ಡದು, ವಿದ್ಯುತ್ ಬೇಕು, ಮೇಲೆ ಲೈಸೆನ್ಸ್ ಶುಲ್ಕ ಬೇರೆ. ಈ ಲೆಕ್ಕವನ್ನು ಬದಲಿಸಿದ್ದು ಟ್ರಾನ್ಸಿಸ್ಟರ್. ಟಾರ್ಚಿನ ಸೆಲ್ ಹಾಕಿದರೆ ಸಾಕು, ಹಾಡುತ್ತಿತ್ತು. ವಿವಿಧ ಭಾರತಿ ಆರಂಭವಾದದ್ದು 1957ರಲ್ಲಿ. ಪಡಸಾಲೆಯಲ್ಲಿ ಯಜಮಾನರ ಕುರ್ಚಿಯ ಪಕ್ಕದಲ್ಲಿದ್ದ ರೇಡಿಯೊ ಈಗ ಅಡುಗೆಮನೆಯ ಕಿಟಕಿಗೆ ಬಂತು. ಸ್ಟೇಷನ್ ತಿರುಗಿಸುವ ಗುಂಡಿ ಹೆಂಗಸರ ಕೈಗೂ ಸಿಕ್ಕಿತು. ನನ್ನ ಮಟ್ಟಿಗೆ ಇದು ಸಣ್ಣ ಬದಲಾವಣೆಯಲ್ಲ.

1963ರಲ್ಲಿ ಫಿಲಿಪ್ಸ್ ಕಂಪನಿ ಕಾಂಪ್ಯಾಕ್ಟ್ ಕ್ಯಾಸೆಟ್ ತಂದಿತು. ಗ್ರಾಮಫೋನ್ ತಟ್ಟೆ ಒತ್ತಲು ಕಾರ್ಖಾನೆಯೇ ಬೇಕು. ಕ್ಯಾಸೆಟ್ಟಿನ ಪ್ರತಿ ತೆಗೆಯುವುದು ಅಗ್ಗ. ಹಾಗಾಗಿ ಸಿನಿಮಾದಾಚೆಯ ಕನ್ನಡ ಹಾಡಿಗೂ ಮಾರುಕಟ್ಟೆ ಸಿಕ್ಕಿತು. ನಿಸಾರ್ ಅಹಮದ್ ಅವರ ಕವನಗಳಿಗೆ ಮೈಸೂರು ಅನಂತಸ್ವಾಮಿಯವರು ಸ್ವರ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಬಂದಾಗ ಭಾವಗೀತೆ ಮನೆಮನೆ ಸೇರಿತು. ಇನ್ನೊಂದು ಗುಣವೂ ಕ್ಯಾಸೆಟ್ಟಿಗಿತ್ತು: ಕೇಳುವವರೇ ರೆಕಾರ್ಡ್ ಕೂಡ ಮಾಡಬಹುದಿತ್ತು. ನಮ್ಮ ಅಜ್ಜಿ ಹಾಡಿದ ಸೋಬಾನೆ ಪದಗಳು ಇಂದಿಗೂ ಉಳಿದಿರುವುದು ಅಂಥದೊಂದು ಕ್ಯಾಸೆಟ್ಟಿನಲ್ಲಿ ಮಾತ್ರ.

ಟಿವಿ ದಿಲ್ಲಿಗೆ 1959ರಲ್ಲಿ, ಮುಂಬೈಗೆ 1972ರಲ್ಲಿ ಬಂತು. 1975-76ರಲ್ಲಿ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಕಾರ್ಯಕ್ರಮ ತಲುಪಿಸಿದ 'ಸೈಟ್' ಪ್ರಯೋಗದಲ್ಲಿ ಕರ್ನಾಟಕದ ಹಳ್ಳಿಗಳೂ ಇದ್ದವು. ಅಲ್ಲಿ ಟಿವಿ ಊರಿನದು, ಒಬ್ಬರ ಮನೆಯದಲ್ಲ. 1982ರಲ್ಲಿ ಏಷ್ಯನ್ ಗೇಮ್ಸ್ ಜೊತೆಗೆ ಬಣ್ಣ ಬಂತು. ಆಮೇಲೆ ಒಂದು ಮನೆಯ ಟಿವಿ ಮುಂದೆ ಇಡೀ ವಠಾರ ಕೂತು 'ರಾಮಾಯಣ' ನೋಡಿತು. 1994ರಲ್ಲಿ ಉದಯ ಟಿವಿ ಬಂದಮೇಲೆ ಹೊರನಾಡಿನವರಿಗೂ ದಿನವಿಡೀ ಕನ್ನಡ ಕೇಳುವ ದಾರಿ ತೆರೆಯಿತು.

ಈ ಚರಿತ್ರೆಯಿಂದ ನಾನು ಕಲಿತದ್ದಿಷ್ಟು: ಯಂತ್ರ ಬೇಗ ಹಳತಾಗುತ್ತದೆ, ಧ್ವನಿ ಮತ್ತು ಭಾಷೆ ಉಳಿಯುತ್ತವೆ. ಅದಕ್ಕೇ ನಮ್ಮ ಬಜೆಟ್ಟನ್ನು ಹತ್ತು ಪಾಲು ಮಾಡಿದೆ. ಐದು ಪಾಲು ಟಿವಿಗೆ, ಮೂರು ಪಾಲು ಸೌಂಡ್‌ಬಾರಿಗೆ, ಒಂದು ಪಾಲು ವೈರಿಂಗ್ ಮತ್ತು ಸರ್ಜ್ ಪ್ರೊಟೆಕ್ಟರಿಗೆ, ಕೊನೆಯದು ಹಳೆಯದನ್ನು ಉಳಿಸಿಕೊಳ್ಳಲು. ಟಿವಿ ತೆಳ್ಳಗಾದಷ್ಟೂ ಒಳಗಿನ ಸ್ಪೀಕರಿಗೆ ಜಾಗ ಕಡಿಮೆ. ಮಾತು ಸ್ಪಷ್ಟವಾಗಿ ಕೇಳಬೇಕಾದರೆ ಪರದೆಯನ್ನು ಒಂದು ಅಳತೆ ಚಿಕ್ಕದು ಮಾಡಿ ಆ ಹಣವನ್ನು ಧ್ವನಿಗೆ ಹಾಕುವುದು ಜಾಣತನ. ಸಣ್ಣ ಹಾಲ್‌ಗೆ ಐದಾರು ಸ್ಪೀಕರಿನ ಸೆಟ್ ಬೇಕಿಲ್ಲ. ಎಚ್‌ಡಿಎಂಐ ಎಆರ್‌ಸಿ ಇರುವ ಟಿವಿ ಮತ್ತು ಸೌಂಡ್‌ಬಾರ್ ಆದರೆ ಒಂದೇ ಕೇಬಲ್ ಸಾಕು.

ಆ ಹತ್ತನೆಯ ಪಾಲನ್ನು ದಯವಿಟ್ಟು ಕೈಬಿಡಬೇಡಿ. ಕ್ಯಾಸೆಟ್ಟಿನ ಕಾಂತೀಯ ಲೇಪ ವರ್ಷಗಳು ಕಳೆದಂತೆ ಸವೆಯುತ್ತದೆ, ಬೂಷ್ಟು ಹಿಡಿದರೆ ಇನ್ನೂ ಬೇಗ. ಸುಸ್ಥಿತಿಯಲ್ಲಿರುವ ಪ್ಲೇಯರುಗಳೂ ಕಡಿಮೆಯಾಗುತ್ತಿವೆ. ಪ್ಲೇಯರಿನ ಹೆಡ್‌ಫೋನ್ ಕಿಂಡಿಯಿಂದ ಒಂದು ಯುಎಸ್‌ಬಿ ಆಡಿಯೊ ಅಡಾಪ್ಟರ್ ಮೂಲಕ ಲ್ಯಾಪ್‌ಟಾಪಿಗೆ ಜೋಡಿಸಿದರೆ, 60 ನಿಮಿಷದ ಕ್ಯಾಸೆಟ್ 60 ನಿಮಿಷದಲ್ಲಿ ಫೈಲ್ ಆಗುತ್ತದೆ. ಎರಡು ಕಡೆ ಪ್ರತಿ ಇಡಿ.

ಪೇಟೆಯಲ್ಲಿ ಸಿಗುವ ಹಾಡು ನಾಳೆಯೂ ಸಿಗುತ್ತದೆ. ಅಮ್ಮ, ಅಜ್ಜಿ, ಸೋದರತ್ತೆಯರ ದನಿ ಹಾಗಲ್ಲ. ಇಲ್ಲಿ ಹುಟ್ಟಿ ಬೆಳೆಯುವ ನಮ್ಮ ಮಕ್ಕಳಿಗೆ ತಮ್ಮ ಊರಿನ ಕನ್ನಡ ಸಿಗುವುದು ಅಲ್ಲೇ. ಮಹಿಳಾ ವಿಭಾಗದ ಮುಂದಿನ ಸಭೆಗೆ ನಿಮ್ಮ ಹಳೆಯ ಕ್ಯಾಸೆಟ್ಟುಗಳನ್ನು ಹುಡುಕಿ ತನ್ನಿ. ಪ್ಲೇಯರು, ಲ್ಯಾಪ್‌ಟಾಪು ನಾನು ತರುತ್ತೇನೆ.